ಟಯರ್ ರಬ್ಬರಿನದ್ದು, ಅದಕ್ಕೇ ಎಚ್ಚರ ಬೇಕು

ಕಾಸರಗೋಡು ಪೇಟೆಯಿಂದ ವಿದ್ಯಾನಗರ, ಚೆರ್ಕಳದ ಕಡೆಗೆ ಟ್ರಾಲಿ ಬಸ್ (ತಲೆ ಮೇಲಿನ ತಂತಿಯಿಂದ ಕರೆಂಟ್ ಪಡೆದು ಓಡುವ ಬಸ್) ಓಡಿಸಬಹುದು ಎಂದು ಈ ಅಂಕಣದಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಕೇಳುವುದು ಒಂದೇ ಪ್ರಶ್ನೆ. ಇವತ್ತು ಅದಕ್ಕೆ ಪೂರ್ತಿ ಉತ್ತರ ಕೊಡುತ್ತೇನೆ. ಉಳಿದವಕ್ಕೆ ಜಾಗ ಕಡಿಮೆ.

ನಮ್ಮಲ್ಲಿ ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ಮಳೆ. ತಲೆ ಮೇಲೆ ಕರೆಂಟಿನ ತಂತಿ, ಕಾಲಡಿಯಲ್ಲಿ ನೀರು. ಒದ್ದೆ ಕಾಲಿನಲ್ಲಿ ಬಸ್ ಹತ್ತುವವರಿಗೆ ಶಾಕ್ ಹೊಡೆಯುವುದಿಲ್ಲವೇ? ಟಯರ್ ರಬ್ಬರಿನದ್ದು, ಹೆದರಬೇಕಾಗಿಲ್ಲ ಎಂದು ನಮ್ಮೂರಿನ ಎಲೆಕ್ಟ್ರೀಷಿಯನ್ ಒಬ್ಬರು ಹೇಳಿದರು. ಸರಿಯೇ? (ಕುಂಬಳೆ)

ಸರಿಯಲ್ಲ. ಹೀಗೆ ಹೇಳುವವರಿಂದ ದಯವಿಟ್ಟು ಮನೆಯ ವಯರಿಂಗನ್ನೂ ಮಾಡಿಸಬೇಡಿ. ಈ ರಬ್ಬರಿನ ಮಾತು ವಾಟ್ಸಾಪಿನಲ್ಲಿ ಸುತ್ತಿ ಸುತ್ತಿ ಈಗ ಓದಿದವರ ಬಾಯಲ್ಲೂ ಬರುತ್ತಿದೆ. ವಿಷಯ ಇರುವುದು ಅದಕ್ಕೆ ತಿರುಗುಮುರುಗಾಗಿ.

ರೈಲಿಗೆ ಮೇಲೆ ಒಂದೇ ತಂತಿ. ಅದರಿಂದ ಬಂದ ಕರೆಂಟ್ ಉಕ್ಕಿನ ಗಾಲಿಯಿಂದ ಹಳಿಗೆ ಇಳಿದು ವಾಪಸು ಹೋಗುತ್ತದೆ. ರೈಲಿನ ಬಾಡಿ ಯಾವಾಗಲೂ ನೆಲಕ್ಕೆ ಸೇರಿಕೊಂಡೇ ಇರುವುದರಿಂದ ಎಲ್ಲಾದರೂ ಸೋರಿದ ಕರೆಂಟ್ ನೇರ ನೆಲಕ್ಕೆ ಹೋಗಿಬಿಡುತ್ತದೆ. ಟ್ರಾಲಿ ಬಸ್ಸಿಗೆ ಹಳಿ ಇಲ್ಲ. ಆದ್ದರಿಂದ ಮೇಲೆ ಎರಡು ತಂತಿ, ಒಂದರಲ್ಲಿ ಬಂದು ಇನ್ನೊಂದರಲ್ಲಿ ಹೋಗುವ 600 ಅಥವಾ 750 ವೋಲ್ಟ್ ಡಿಸಿ. ಬಸ್ಸಿನ ಬಾಡಿ ರಬ್ಬರ್ ಟಯರಿನ ಮೇಲೆ ನೆಲದಿಂದ ಬೇರೆಯಾಗಿ ನಿಂತಿರುತ್ತದೆ. ಒಳಗೆಲ್ಲೋ ಇನ್ಸುಲೇಶನ್ (ಕರೆಂಟ್ ದಾಟದಂತೆ ತಡೆಯುವ ಹೊದಿಕೆ) ಕೆಟ್ಟು ಬಾಡಿಗೆ ಕರೆಂಟ್ ಬಂದರೆ ಅದು ನೆಲಕ್ಕೆ ಇಳಿಯಲು ದಾರಿಯಿಲ್ಲ, ಅಲ್ಲೇ ನಿಲ್ಲುತ್ತದೆ. ಸೀಟು, ಕಂಬಿ, ನೆಲಹಾಸು ಎಲ್ಲದರಲ್ಲೂ ಅದೇ ವೋಲ್ಟೇಜ್ ಇರುವುದರಿಂದ ಒಳಗೆ ಕುಳಿತವರಿಗೆ ಏನೂ ಗೊತ್ತಾಗುವುದಿಲ್ಲ. ಹೊಡೆತ ಬೀಳುವುದು ಒಂದು ಕಾಲು ಒದ್ದೆ ರಸ್ತೆಯ ಮೇಲೆ, ಒಂದು ಕೈ ಬಾಗಿಲ ಕಂಬಿಯ ಮೇಲೆ ಇಟ್ಟವರಿಗೆ. ರಬ್ಬರ್ ಟಯರ್ ಸೋರಿಕೆಯನ್ನು ತಡೆಯುವುದಿಲ್ಲ, ಅಡಗಿಸಿಡುತ್ತದೆ.

ಇದು ಗೊತ್ತಿದ್ದೇ ಈ ಬಸ್ಸುಗಳನ್ನು ಎರಡೆರಡು ಇನ್ಸುಲೇಶನ್ ಇಟ್ಟು ಕಟ್ಟುತ್ತಾರೆ. ಮೋಟಾರಿನ ಸುರುಳಿಗೆ ಅದರದ್ದೇ ಒಂದು, ಮೋಟಾರಿಗೂ ಬಾಡಿಗೂ ನಡುವೆ ಇನ್ನೊಂದು. ಮೋಟಾರಿನಿಂದ ಆ್ಯಕ್ಸಲ್‌ಗೆ ಹೋಗುವ ಜೋಡಣೆಯಲ್ಲಿ, ತಂತಿಯಿಂದ ಕರೆಂಟ್ ತರುವ, ಮಾಡಿನ ಮೇಲಿನ ಟ್ರಾಲಿ ಕಂಬಗಳ ಬುಡದಲ್ಲಿ, ಬಾಗಿಲ ಮೆಟ್ಟಿಲು ಮತ್ತು ಹಿಡಿಕೆಯಲ್ಲಿ ಕೂಡ ಕರೆಂಟ್ ದಾಟದ ವಸ್ತು ಇರುತ್ತದೆ. ಎರಡೂ ಪದರ ಒಟ್ಟಿಗೆ ಕೆಟ್ಟರೆ ಮಾತ್ರ ಅಪಾಯ. ಈಗಿನ ಬಸ್ಸುಗಳಲ್ಲಿ ಸೋರಿಕೆಯನ್ನು ಓಡುತ್ತಿರುವಾಗಲೇ ಗಮನಿಸಿ ಚಾಲಕನಿಗೆ ತಿಳಿಸುವ ಉಪಕರಣವೂ ಇದೆ. ಮಳೆಗೆ ಹೆಸರಾದ ಸಿಯಾಟಲ್‌ನಲ್ಲಿ, ಹಿಮ ಬೀಳುವ ಜ್ಯೂರಿಕ್‌ನಲ್ಲಿ ಜನ ದಿನವೂ ಇದರಲ್ಲೇ ಓಡಾಡುತ್ತಾರೆ. ಕ್ರಿಮಿಯಾದ ಸಿಮ್ಫೆರೊಪೋಲ್‌ನಿಂದ ಕಡಲ ದಂಡೆಯ ಯಾಲ್ಟಾಕ್ಕೆ ಹೋಗುವ ಸುಮಾರು 86 ಕಿಲೋಮೀಟರ್ ಟ್ರಾಲಿ ಬಸ್ ಲೈನು 1961ರಲ್ಲೇ ಯಾಲ್ಟಾ ಮುಟ್ಟಿತ್ತು.

ಇನ್ನು ಮಳೆ. ಆಟಿ ತಿಂಗಳ ಜಡಿಮಳೆ ನನಗೆ ಚಿಂತೆಯಲ್ಲ, ಅದು ಇನ್ಸುಲೇಟರನ್ನು ತೊಳೆದುಕೊಡುತ್ತದೆ. ನಮ್ಮದು ಕಡಲ ಬದಿಯ ಊರು. ಬೇಸಗೆ ಇಡೀ ಗಾಳಿಯಲ್ಲಿ ಬಂದ ಉಪ್ಪು, ಹೆದ್ದಾರಿ ಕೆಲಸದ ಧೂಳು ಇನ್ಸುಲೇಟರಿನ ಮೇಲೆ ಪದರವಾಗಿ ಕೂತಿರುತ್ತದೆ. ಅದರ ಮೇಲೆ ಮೊದಲ ತುಂತುರು ಬಿದ್ದಾಗ ಉಪ್ಪು ಒದ್ದೆಯಾಗಿ ಕರೆಂಟಿಗೆ ದಾರಿ ಮಾಡಿಕೊಡುತ್ತದೆ. ಕಷ್ಟದ ದಿನಗಳು ಅವೇ. ಆದ್ದರಿಂದ ಲೈನಿನ ಇನ್ಸುಲೇಟರ್, ಬಸ್ಸಿನ ಮಾಡು, ಅಡಿಭಾಗ ಎಲ್ಲ ಮೇ ತಿಂಗಳಲ್ಲಿ ಬರುವ ಪತ್ತನಾಜೆಗೆ ಮೊದಲೇ ತೊಳೆದು ಮುಗಿದಿರಬೇಕು. ತಂತಿಯ ಮೇಲೆ ಬಾಗಿದ ತೆಂಗಿನ ಮಡಲು ಕಡಿಯುವುದೂ ಅಷ್ಟರೊಳಗೆ ಆಗಬೇಕು, ಗಾಳಿಮಳೆ ಶುರುವಾದ ಮೇಲೆ ಏಣಿ ಹುಡುಕಿದರೆ ಪ್ರಯೋಜನವಿಲ್ಲ.

ನಾನು ಬಿಟ್ಟುಕೊಡದ ಷರತ್ತು ಒಂದಿದೆ. ಪ್ರತಿದಿನ ಬೆಳಿಗ್ಗೆ ಡಿಪೊದಿಂದ ಹೊರಡುವ ಮೊದಲು ಪ್ರತಿ ಬಸ್ಸಿನ ಸೋರಿಕೆ ಅಳೆಯಬೇಕು, ಪುಸ್ತಕದಲ್ಲಿ ಬರೆಯಬೇಕು, ಅಳೆದವರು ಸಹಿ ಹಾಕಬೇಕು. ಅಳತೆ ಇಲ್ಲದ ಬಸ್ ಗೇಟು ದಾಟಬಾರದು. ಅದು ನಡೆಯದ ಊರಿನಲ್ಲಿ ನಾನಂತೂ ಟ್ರಾಲಿ ಬಸ್ ಹತ್ತಲಾರೆ, ಮೊಮ್ಮಕ್ಕಳನ್ನೂ ಹತ್ತಿಸಲಾರೆ. ಕಾಠ್ಮಂಡುವಿನಲ್ಲಿ 1975ರಲ್ಲಿ ಚೀನಾದ ನೆರವಿನಿಂದ ತ್ರಿಪುರೇಶ್ವರದಿಂದ ಭಕ್ತಪುರದ ಕಡೆಗೆ ಸುಮಾರು 13 ಕಿಲೋಮೀಟರ್ ಲೈನ್ ಹಾಕಿದರು. ಜನ ನೆಚ್ಚಿಕೊಂಡ ಆ ಸೇವೆ ಆಡಳಿತ ಕೆಟ್ಟು, ರಿಪೇರಿ ಇಲ್ಲದೆ ನಿಂತೇ ಹೋಯಿತು. ತಂತಿ ಕಟ್ಟಲು ಹಣ ಕೊಡುವವರು ಸಿಗುತ್ತಾರೆ. ಹತ್ತು ವರ್ಷ ಕಳೆದ ಮೇಲೆ ಬೆಳಿಗ್ಗೆ ಐದಕ್ಕೆ ಮೀಟರ್ ಹಿಡಿದು ನಿಲ್ಲುವ ಮೆಕ್ಯಾನಿಕ್‌ಗೆ ಸಂಬಳ ಯಾರು ಕೊಡುತ್ತಾರೆ ಎಂದು ನಿಮ್ಮ ವಾರ್ಡಿನ ಸದಸ್ಯರನ್ನು ಕೇಳಿ. ಶಾಕಿನ ಪ್ರಶ್ನೆಗೆ ಉತ್ತರ ಅಲ್ಲಿದೆ.

ತಂತಿ ಕಡಿದು ಬಸ್ಸಿನ ಮೇಲೆ ಬಿದ್ದರೆ ಚಾಲಕ ಹೇಳುವವರೆಗೆ ಒಳಗೇ ಕುಳಿತಿರಿ. ರಸ್ತೆಗೆ ಬಿದ್ದ ತಂತಿಯ ಹತ್ತಿರ ಹೋಗಬೇಡಿ, ಇನ್ನೊಬ್ಬರನ್ನೂ ಬಿಡಬೇಡಿ. ಕೋಲಿನಲ್ಲಿ ಸರಿಸಲು ಹೋಗುವ ಧೈರ್ಯಶಾಲಿಗಳು ಎಲ್ಲ ಊರಿನಲ್ಲೂ ಇದ್ದಾರೆ, ಅವರನ್ನು ಹಿಡಿದು ನಿಲ್ಲಿಸಿ.

ಓಡುವಾಗ ಚಕ್ರದಿಂದಲೇ ಪೂರ್ತಿ ಚಾರ್ಜ್ ಆಗುವ ಬಸ್ ಬಂದಿದೆಯಂತೆ, ಏಜೆನ್ಸಿಗೆ ಮುಂಗಡ ಕೇಳುತ್ತಿದ್ದಾರೆ. (ಮಂಜೇಶ್ವರ)

ಮೋಸ. ಒಂದು ರೂಪಾಯಿ ಕೊಡಬೇಡಿ. ಬ್ರೇಕ್ ಹಾಕುವಾಗ ಸ್ವಲ್ಪ ಕರೆಂಟ್ ವಾಪಸು ಬರುತ್ತದೆ, ಓಡಿದ ಖರ್ಚೆಲ್ಲ ಯಾವ ಯಂತ್ರದಲ್ಲೂ ಬರುವುದಿಲ್ಲ.

ರೈಲಿನ ತಂತಿ ಹೇಗೂ ಇದೆಯಲ್ಲ, ಅದರಿಂದಲೇ ಎಳೆಯಬಾರದೇ? (ಉಪ್ಪಳ)

ಅದು 25,000 ವೋಲ್ಟ್ ಎಸಿ, ಬಸ್ಸಿಗೆ ಬೇಕಾದದ್ದು 600 ಅಥವಾ 750 ವೋಲ್ಟ್ ಡಿಸಿ. ಬಾರದು.

ಭಾರತದಲ್ಲಿ ಎಲ್ಲೂ ಇಲ್ಲದ್ದು ನಮಗೆ ಯಾಕೆ? (ಕಾಸರಗೋಡು)

ದೆಹಲಿಯಲ್ಲಿ 1935ರಿಂದ 1962ರವರೆಗೆ, ಮುಂಬೈಯಲ್ಲಿ 1962ರಿಂದ 1971ರವರೆಗೆ ಇತ್ತು. ಈ ಪ್ರಶ್ನೆ ಇನ್ನು ಕಳಿಸಬೇಡಿ.

ಮುಳ್ಳೇರಿಯ, ಪೆರ್ಲದ ಕಡೆಗೂ ತಂತಿ ಹಾಕಬಹುದಲ್ಲವೇ? (ಬದಿಯಡ್ಕ)

ಬೇಡ. ಕಂಬ, ತಂತಿ, ಸಬ್‌ಸ್ಟೇಷನ್‌ಗಳ ಖರ್ಚು ಬಸ್ ಓಡಲಿ ಬಿಡಲಿ ಒಂದೇ. ಕೆಲವೇ ನಿಮಿಷಕ್ಕೊಂದು ಬಸ್ ಓಡುವ ರಸ್ತೆಯಲ್ಲಿ ಮಾತ್ರ ಆ ಖರ್ಚು ವಾಪಸು ಹುಟ್ಟುತ್ತದೆ. ಕಲೆಕ್ಟರೇಟ್, ಸರಕಾರಿ ಕಾಲೇಜು ಇರುವ ವಿದ್ಯಾನಗರದ ದಾರಿಗೆ ಆ ಜನಸಂಖ್ಯೆ ಇದೆ. ಅಲ್ಲೂ ಷಟ್ಪಥದ ಮೇಲಲ್ಲ, ಜನ ನಿಲ್ಲುವ ಸರ್ವಿಸ್ ರಸ್ತೆಯಲ್ಲಿ. ನಿಮ್ಮ ಕಡೆಗೆ ಬ್ಯಾಟರಿ ಬಸ್ ಸಾಕು.

ಮಧೂರಿನ ಮೆರವಣಿಗೆ ಪೇಟೆಗೆ ಬಂದರೆ ಬಸ್ ನಿಂತುಬಿಡುತ್ತದೆಯೇ? (ಮಧೂರು)

ಇಲ್ಲ. ಈಗಿನ ಟ್ರಾಲಿ ಬಸ್ಸಿನಲ್ಲಿ ಬ್ಯಾಟರಿಯೂ ಇದೆ, ತಂತಿಯಡಿ ಓಡುವಾಗ ಅದು ತುಂಬಿಕೊಳ್ಳುತ್ತದೆ. ಮಾಡಿನ ಟ್ರಾಲಿ ಕಂಬ ಇಳಿಸಿ ಕೆಲವು ಕಿಲೋಮೀಟರ್ ಬೇರೆ ದಾರಿಯಲ್ಲಿ ಹೋಗಿ ಬರಬಹುದು. ತಂತಿ ಇರುವುದು ಸುಮಾರು 5.5 ಮೀಟರ್ ಎತ್ತರದಲ್ಲಿ. ಸ್ತಬ್ಧಚಿತ್ರ ಕಟ್ಟುವವರು ಲಾರಿಯ ಎತ್ತರವನ್ನೂ ಸೇರಿಸಿ ಅಳೆಯಬೇಕು, ಆ ದಿನ ಲೈನ್ ಆಫ್ ಮಾಡಿಸಿಕೊಳ್ಳಲೇಬೇಕು.

ಜನ ಕಾರು, ಸ್ಕೂಟರ್ ಬಿಟ್ಟು ಇದನ್ನು ಹತ್ತುವಂತೆ ಪ್ರಚಾರ ಹೇಗೆ ಮಾಡುವುದು? (ನೀರ್ಚಾಲು)

ಫ್ಲೆಕ್ಸ್ ಹಾಕಿ ಅಲ್ಲ. ಬಸ್ಸಿನ ಹಣೆಯ ಮೇಲೆ ಊರಿನ ಹೆಸರು ಮಲಯಾಳದ ಜತೆ ಕನ್ನಡದಲ್ಲೂ ಇರಬೇಕು. ಮಲಯಾಳ ಓದಲು ಬಾರದ ಅಜ್ಜಿಯಂದಿರು ಸ್ಟ್ಯಾಂಡಿನಲ್ಲಿ ಸಿಕ್ಕಸಿಕ್ಕವರನ್ನು ಕೇಳುತ್ತಾ ನಿಲ್ಲುವ ಸ್ಥಿತಿ ಈ ಜಿಲ್ಲೆಯಲ್ಲಿ ಇನ್ನೂ ಇರುವುದು ನನಗೆ ಸಹಿಸಲಾಗದ ವಿಷಯ. ಮತ್ತೆ, ರಾತ್ರಿ ರೈಲಿನಿಂದ ಇಳಿದವರಿಗೂ ಬಸ್ ಸಿಗಬೇಕು. ಸಂಜೆ ಏಳಕ್ಕೇ ಕೊನೆಯ ಬಸ್ ಎಂದಾದರೆ ಬೆಳಿಗ್ಗೆಯೇ ಅವರು ಸ್ಕೂಟರ್ ತೆಗೆಯುತ್ತಾರೆ.