ಓದುಗರ ಪ್ರಶ್ನೆ, ನಮ್ಮ ಉತ್ತರ: ಹೆಂಚಿನ ಬೆನ್ನು ತಿರುಗಿಸಿ ನೋಡಿದ್ದೀರಾ?

ಪ್ರಶ್ನೆ: ಭಾನುವಾರ ಬಂತೆಂದರೆ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು ಎಂಬುದೇ ತಲೆನೋವು. ದೇವಸ್ಥಾನ, ಅರಮನೆ ಎಲ್ಲಾ ಮುಗಿಯಿತು. ಹಳೇ ಕಾರ್ಖಾನೆ, ಹಳೇ ರಸ್ತೆಯ ಗುರುತುಗಳು ಊರೊಳಗೇ ಸಿಗುತ್ತವಂತೆ. ಎಲ್ಲಿಂದ ಶುರು ಮಾಡಲಿ?
(ಮಾಗಡಿ ರಸ್ತೆ, ಬೆಂಗಳೂರು)

ಉತ್ತರ: ಕಾರು ತೆಗೆಯಬೇಡಿ. ಮಕ್ಕಳನ್ನು ಬಸ್ ಹತ್ತಿಸಿ, ಸ್ಟಾಪಿನ ಹೆಸರು ಓದಿಸಿ. ನಿಮ್ಮ ರಸ್ತೆಯಲ್ಲೇ ಟೋಲ್‌ಗೇಟ್ ಇದೆ, ಮುಂದೆ ಹೋದರೆ ಸುಂಕದಕಟ್ಟೆ. ಒಂದು ಇಂಗ್ಲಿಷ್, ಒಂದು ಕನ್ನಡ, ಹೇಳುವುದು ಮಾತ್ರ ಒಂದೇ ಮಾತು. ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ’ ಅನ್ನುತ್ತೇವಲ್ಲ, ಆ ಸುಂಕದವನು ಕೂತಿದ್ದದ್ದು ಇಂಥ ಕಟ್ಟೆಗಳಲ್ಲೇ. ಈಗ ಫಾಸ್ಟ್ಯಾಗ್ ಬಂದಮೇಲೆ ಸುಖದುಃಖ ಹೇಳಿಕೊಳ್ಳೋಣ ಎಂದರೂ ಎದುರಿಗೆ ಆಸಾಮಿಯೇ ಇಲ್ಲ.

ಕಾರ್ಖಾನೆ ಮುಚ್ಚಿದರೂ ಹೆಸರು ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಬಿನ್ನಿಪೇಟೆಗೆ ಹೋಗಿ ನೋಡಿ. ಬೆಂಗಳೂರಿನ ಉಣ್ಣೆ, ಹತ್ತಿ, ರೇಷ್ಮೆ ಮಿಲ್ಲು ಶುರುವಾದದ್ದು 1884ರಲ್ಲಿ, ಎರಡೇ ವರ್ಷಕ್ಕೆ ಬಿನ್ನಿ ಕಂಪನಿಯ ಕೈಗೆ ಬಂತು. ಆ ಜಾಗದಲ್ಲೀಗ ಅಪಾರ್ಟ್‌ಮೆಂಟುಗಳು ಎದ್ದಿವೆ, ಆದರೂ ಆಟೋದವರು ಇವತ್ತಿಗೂ ‘ಬಿನ್ನಿಮಿಲ್ಲಾ?’ ಅಂತಲೇ ಕೇಳುತ್ತಾರೆ. ಸಂಪಿಗೆ ರಸ್ತೆಯ ಮಂತ್ರಿ ಮಾಲ್ ಇರುವುದು ರಾಜಾ ಮಿಲ್ ಜಾಗದಲ್ಲಿ, ಒರಾಯನ್ ಮಾಲ್ ಇರುವ ಕಡೆ ಕಿರ್ಲೋಸ್ಕರ್ ಕಾರ್ಖಾನೆಯಿತ್ತು. ಅಜ್ಜ ಟಿಫನ್ ಕ್ಯಾರಿಯರ್ ಹಿಡಿದು ಶಿಫ್ಟಿಗೆ ಹೋಗುತ್ತಿದ್ದ ಜಾಗದಲ್ಲೇ ಮೊಮ್ಮಗ ಈಗ ಪಾಪ್‌ಕಾರ್ನ್ ತಿನ್ನುತ್ತಿದ್ದಾನೆ. ಮನೆಯಲ್ಲಿ ಯಾರಾದರೂ ಲಾ ಓದುವವರಿದ್ದರೆ 1980ರ ಮಿನರ್ವ ಮಿಲ್ಸ್ ತೀರ್ಪಿನ ಬಗ್ಗೆ ಕೇಳಿ, ಸಂವಿಧಾನದ ಪಾಠ ಒಪ್ಪಿಸುತ್ತಾರೆ. ಆ ಮಿಲ್ಲು ನಮ್ಮ ಬೆಂಗಳೂರಿನದೇ ಬಟ್ಟೆ ಮಿಲ್ಲು ಎಂದರೆ ಎಷ್ಟೋ ಜನ ನಂಬುವುದಿಲ್ಲ.

ಊರಾಚೆ ಹೋಗಲೇಬೇಕು ಅಂತಿದ್ದರೆ ಹೆಸರಘಟ್ಟದ ಕಡೆ ಹೋಗಿ. ಆ ಕೆರೆಯ ನೀರು 1890ರ ದಶಕದಿಂದ ಬೆಂಗಳೂರಿಗೆ ಬರುತ್ತಿತ್ತು, ಅದಕ್ಕಾಗಿ ಕಟ್ಟಿದ ಇಟ್ಟಿಗೆ ಕಾಲುವೆಯ ತುಂಡುಗಳು ದಾರಿಯಲ್ಲಿ ಸಿಗುತ್ತವೆ.

ಪ್ರಶ್ನೆ: ಅಜ್ಜನ ಮನೆಯ ಮಾಡು ಇಳಿಸುತ್ತಿದ್ದೇವೆ. ಹೆಂಚಿನ ಹಿಂದೆ ಇಂಗ್ಲಿಷ್ ಅಕ್ಷರ, 1865 ಅಂತ ಇಸವಿ ಇದೆ. ನಮ್ಮ ಮನೆ ಅಷ್ಟು ಹಳೆಯದಾ?
(ಶಿರಸಿ)

ಉತ್ತರ: ನಿರಾಸೆ ಮಾಡಲು ಬೇಜಾರು, ಆದರೆ ಅಲ್ಲ. 1865 ನಿಮ್ಮ ಹೆಂಚು ಸುಟ್ಟ ವರ್ಷವಲ್ಲ, ಕಾರ್ಖಾನೆ ಹುಟ್ಟಿದ ವರ್ಷ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರು ಆ ವರ್ಷ ಹೆಂಚಿನ ಕಾರ್ಖಾನೆ ಶುರು ಮಾಡಿದರು, ಆಮೇಲೂ ಆ ಇಸವಿಯನ್ನೇ ಅಚ್ಚಿನಲ್ಲಿ ಒತ್ತುತ್ತಾ ಹೋದರು. 1843ರಲ್ಲಿ ‘ಮಂಗಳೂರು ಸಮಾಚಾರ’ ಹೊರಡಿಸಿದ್ದೂ ಇದೇ ಮಿಷನ್ನಿನ ಜನ. ಕನ್ನಡಕ್ಕೆ ಮೊದಲ ಪತ್ರಿಕೆಯೂ ಬಂತು, ತಲೆ ಮೇಲೆ ಹೆಂಚೂ ಬಂತು. ಅದಕ್ಕೆ ಮೊದಲು ನಿಮ್ಮ ಕಡೆ ಸೋಗೆಯೋ ಹುಲ್ಲೋ ಹೊದಿಸುತ್ತಿದ್ದರು, ಮಳೆಗಾಲ ಹತ್ತಿರ ಬಂತೆಂದರೆ ಮತ್ತೆ ಅದೇ ಕೆಲಸ. ನೇತ್ರಾವತಿ, ಗುರುಪುರ ಹೊಳೆಗಳ ದಡದ ಜೇಡಿಮಣ್ಣು ಹದವಾಗಿತ್ತು, ಬಂದರು ಪಕ್ಕದಲ್ಲೇ ಇತ್ತು, ಹಾಗಾಗಿ ಒಂದರ ಹಿಂದೆ ಒಂದು ಕಾರ್ಖಾನೆ ಎದ್ದವು.

ಆದರೂ ಕಾಲ ಅಂದಾಜು ಮಾಡಲು ಒಂದು ದಾರಿಯಿದೆ. ಮೊದಲನೇ ಮಹಾಯುದ್ಧದಲ್ಲಿ ಬ್ರಿಟಿಷರು ಮಿಷನ್ನಿನ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಂಡರು, ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಗೆ ಹೋದವು. ಅಂದರೆ ಬಾಸೆಲ್ ಮಿಷನ್ ಹೆಸರಿದ್ದರೆ ಹೆಚ್ಚುಕಮ್ಮಿ ನೂರು ವರ್ಷ ದಾಟಿದ ಹೆಂಚು, ಕಾಮನ್‌ವೆಲ್ತ್ ಎಂದಿದ್ದರೆ ಅದರ ಈಚಿನದು. ಒಂದೇ ಹೆಂಚು ನೋಡಿ ತೀರ್ಮಾನ ಮಾಡಬೇಡಿ. ಮಂಗ ಹಾರಿ ಒಡೆದದ್ದು, ತೆಂಗಿನಕಾಯಿ ಬಿದ್ದು ಒಡೆದದ್ದು ಅಂತ ಪ್ರತಿ ವರ್ಷ ನಾಲ್ಕಾರು ಬದಲಾಯಿಸಿಯೇ ಇರುತ್ತಾರೆ, ಒಂದೇ ಮಾಡಿನಲ್ಲಿ ಐದಾರು ಕಾರ್ಖಾನೆಯ ಹೆಂಚು ಸಿಗುವುದು ಮಾಮೂಲಿ.

ಓದುವುದು ಹೇಗೆ ಅಂದರೆ, ಹೆಂಚನ್ನು ಬೋರಲು ಹಾಕಿ, ನೀರು ಚಿಮುಕಿಸಿ, ತೆಂಗಿನ ನಾರಿನಿಂದ ಮೆತ್ತಗೆ ತಿಕ್ಕಿ. ಪಾಚಿ, ಒಲೆಯ ಹೊಗೆಯ ಕರಿ ಎಲ್ಲಾ ಬಿಟ್ಟುಕೊಂಡು ಒಳಗಿಂದ ಕೆಂಪು ಬಣ್ಣ ಏಳುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಏನೂ ಕಾಣುವುದಿಲ್ಲ. ಸಂಜೆ ಓರೆ ಬಿಸಿಲು ಬಿದ್ದಾಗ ನೋಡಿ, ಅಕ್ಷರಗಳು ಎದ್ದು ನಿಲ್ಲುತ್ತವೆ. ಲಾರಿಯವರಿಗೆ ಎಲ್ಲಾ ತೂಗಿ ಕೊಡುವ ಮೊದಲು ಒಂದೊಂದು ಜಾತಿಯದು ಒಂದೊಂದು ಎತ್ತಿಟ್ಟುಕೊಳ್ಳಿ, ಪ್ಲೀಸ್.

ಪ್ರಶ್ನೆ: ನಮ್ಮ ತಾತ ‘ಪುಟ್ಟ ರೈಲು’ ಅಂತ ಹೇಳುತ್ತಿರುತ್ತಾರೆ. ಅದರದ್ದು ಏನಾದರೂ ಉಳಿದಿದೆಯೇ?
(ಚಿಕ್ಕಬಳ್ಳಾಪುರ)

ಉತ್ತರ: ಉಳಿದಿದೆ, ನಿಮ್ಮ ಪಕ್ಕದಲ್ಲೇ. ಬೆಂಗಳೂರು, ಚಿಕ್ಕಬಳ್ಳಾಪುರ, ಕೋಲಾರ, ಬಂಗಾರಪೇಟೆ, ಹೀಗೆ ಸುತ್ತು ಹಾಕುತ್ತಿದ್ದ ಆ ನ್ಯಾರೋಗೇಜ್ ಹಳಿಗಳ ನಡುವಿನ ಅಂತರ ಬರೀ ಎರಡೂವರೆ ಅಡಿ. 1910ರ ದಶಕದಲ್ಲಿ ಹಾಕಿದ್ದು. ಬಂಗಾರಪೇಟೆಗೆ ಆಗ ಬೌರಿಂಗ್‌ಪೇಟೆ ಅಂತ ಹೆಸರು. ಕೋಲಾರದಿಂದ ನಿಮ್ಮೂರಿನವರೆಗಿನ ದಾರಿ ಬ್ರಾಡ್‌ಗೇಜ್ ಆಗುವ ಹೊತ್ತಿಗೆ 2013 ಬಂತು. ನಂದಿ ಹಾಲ್ಟ್, ದೊಡ್ಡಜಾಲದ ಕಲ್ಲಿನ ಸ್ಟೇಷನ್ನುಗಳು ಇನ್ನೂ ನಿಂತಿವೆ. ಬೆಟ್ಟಕ್ಕೆ ಬೆಳಗಿನ ಜಾವ ಮಂಜು ನೋಡಲು ಓಡುವವರು ಕೆಳಗಿನ ನಂದಿ ಹಾಲ್ಟ್ ಕಡೆ ತಿರುಗಿಯೂ ನೋಡುವುದಿಲ್ಲ. ತಾತನನ್ನೇ ಕರೆದುಕೊಂಡು ಹೋಗಿ, ಪ್ಲಾಟ್‌ಫಾರಂ ಮೇಲೆ ಕೂರಿಸಿ, ಮಾತಾಡಿಸಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳುವುದು ಮರೆಯಬೇಡಿ.

ಪ್ರಶ್ನೆ: ಕೆಜಿಎಫ್ ನೋಡಬೇಕು, ಗಣಿಯೊಳಗೆ ಬಿಡುತ್ತಾರಾ?
(ತುಮಕೂರು)

ಉತ್ತರ: ಗಣಿ ಮುಚ್ಚಿದ್ದು 2001ರಲ್ಲಿ, ಒಳಗಿಳಿಯುವ ಆಸೆ ಬಿಡಿ. ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿ, ಅಷ್ಟೇ ಸಾಕು. ಕೋರಮಂಡಲ್, ಊರ್ಗಾಂ, ಚಾಂಪಿಯನ್ ಅಂತ ಸ್ಟೇಷನ್ ಬರುತ್ತವೆ, ಎಲ್ಲವೂ ಗಣಿಗಳ ಹೆಸರೇ. ಶಿವನಸಮುದ್ರದ ಕರೆಂಟು 1902ರಲ್ಲಿ ಮೊದಲು ಬಂದದ್ದು ಇಲ್ಲಿಗೆ, ಬೆಂಗಳೂರಿನ ಬೀದಿದೀಪ ಅದಕ್ಕೆ 1905ರವರೆಗೆ ಕಾಯಬೇಕಾಯಿತು. ಕಿಟಕಿಯಿಂದ ಕಾಣುವ ಬೂದು ಬಣ್ಣದ ದಿಬ್ಬಗಳು ಬೆಟ್ಟಗಳಲ್ಲ, ಚಿನ್ನ ತೆಗೆದಮೇಲೆ ಸುರಿದ ಸೈನೈಡ್ ಮಣ್ಣು. ಫೋಟೋಗೆಂದು ಮಕ್ಕಳನ್ನು ಮೇಲೆ ಹತ್ತಿಸಬೇಡಿ.

ಪ್ರಶ್ನೆ: ನಮ್ಮ ಬೀದಿಯಲ್ಲಿ ಹಳೇ ರೈಲು ಕಂಬಿಯನ್ನೇ ಕಂಬವಾಗಿ ನೆಟ್ಟಿದ್ದಾರೆ. ಅದರ ಮೇಲೂ ಅಕ್ಷರ ಇದೆ. ಸ್ಟೇಷನ್ ಹತ್ತಿರ ಒಂದು ತುಂಡು ಬಿದ್ದಿದೆ, ಮನೆಗೆ ತರಬಹುದಾ?
(ಅರಸೀಕೆರೆ)

ಉತ್ತರ: ತರಬೇಡಿ ಸ್ವಾಮಿ! ರೈಲ್ವೆ ಸಾಮಾನು ಮನೆಯಲ್ಲಿಟ್ಟುಕೊಂಡರೆ ಅದಕ್ಕೆಂದೇ 1966ರ ಕಾನೂನಿದೆ. ಅಕ್ಷರ ಮಾತ್ರ ತನ್ನಿ. ಕಂಬಿಯ ನಡುಭಾಗದಲ್ಲಿ ಉಬ್ಬಿಕೊಂಡಿರುವುದು ತಯಾರಿಸಿದ ಕಂಪನಿಯ ಹೆಸರು ಮತ್ತು ವರ್ಷ. ಹೆಂಚಿನ ಹಾಗಲ್ಲ, ಇಲ್ಲಿ ವರ್ಷವನ್ನು ನಂಬಬಹುದು. ತೆಳ್ಳಗಿನ ಕಾಗದ ಒತ್ತಿ ಹಿಡಿದು ಪೆನ್ಸಿಲ್ ಓರೆಯಾಗಿ ಉಜ್ಜಿದರೆ ಪೂರ್ತಿ ಮೂಡುತ್ತದೆ. ಕರೆಂಟ್ ಕಂಬವಾಗಿದ್ದರೆ ಮುಟ್ಟಲೇಬೇಡಿ, ದೂರದಿಂದಲೇ ಫೋಟೋ ತೆಗೆಯಿರಿ. ನಾನು ಒಮ್ಮೆ ಒಂದು ಬೇಲಿ ಕಂಬಕ್ಕೆ ಹೀಗೆ ಕಾಗದ ಅಂಟಿಸಿಕೊಂಡು ಉಜ್ಜುತ್ತಾ ನಿಂತಿದ್ದೆ. ಎದುರಿನ ಅಂಗಡಿಯವರು ಬಂದರು, ಸ್ವಲ್ಪ ಹೊತ್ತು ಸುಮ್ನೆ ನೋಡಿದರು, ಆಮೇಲೆ ಮೆಲ್ಲಗೆ ಕೇಳಿದರು: ‘ಸಾರ್, ರೋಡ್ ಅಗಲ ಮಾಡ್ತಾರಾ? ನಮ್ಮ ಕಡೆ ಎಷ್ಟಡಿ ಹೋಗುತ್ತೆ?’