‘ಆ್ಯಂಗರ್’ಗೂ ಅಂಗಾರಕ್ಕೂ ನೆಂಟಸ್ತಿಕೆ ಉಂಟೇ?

“ಸಿಟ್ಟು ಬಂದವನು ಕೆಂಡವಾಗುತ್ತಾನೆ. ಇಂಗ್ಲಿಷಿನ ‘ಆ್ಯಂಗರ್’ ನಮ್ಮ ‘ಅಂಗಾರ’ದಿಂದಲೇ ಹುಟ್ಟಿದ್ದಲ್ಲವೇ?”
– ಓದುಗರೊಬ್ಬರು, ಧಾರವಾಡ

ಸಂಪಾದಕರ ಉತ್ತರ: ಅಲ್ಲ. ಅರ್ಥವೂ ಸದ್ದೂ ಹೊಂದಿದಂತೆ ಕಾಣುವುದೇ ಇಲ್ಲಿನ ಮೋಸ. ಸಂಸ್ಕೃತಕ್ಕೂ ಇಂಗ್ಲಿಷ್, ಜರ್ಮನ್ ಮೊದಲಾದ ಜರ್ಮಾನಿಕ್ ಭಾಷೆಗಳಿಗೂ ಮೂಲ ಒಂದೇ. ಆದರೆ ಜರ್ಮಾನಿಕ್ ಕವಲಿನಲ್ಲಿ ವ್ಯಂಜನಗಳು ಒಂದು ಕ್ರಮದಲ್ಲಿ ಬದಲಾದವು. ಜರ್ಮನ್ ಭಾಷಾವಿದ್ವಾಂಸ ಯಾಕೋಬ್ ಗ್ರಿಮ್ 1822ರಲ್ಲಿ ಆ ಕ್ರಮವನ್ನು ವಿವರಿಸಿದರು. ಸಂಸ್ಕೃತದ ಗಕಾರಕ್ಕೆ ಇಂಗ್ಲಿಷಿನಲ್ಲಿ ಕಕಾರ ಬರಬೇಕು: ನೊಗ ಎಂಬರ್ಥದ ‘ಯುಗ’ಕ್ಕೆ ‘ಯೋಕ್’. ಇಂಗ್ಲಿಷಿನ ಗಕಾರಕ್ಕೆ ಸಂಸ್ಕೃತದಲ್ಲಿ ಹಲವೆಡೆ ಸಿಗುವುದು ಹಕಾರ: ‘ಗೂಸ್’ಗೆ ‘ಹಂಸ’. ಹಾಗಾಗಿ ಅಂಗಾರ ಇಲ್ಲಿ ಸಲ್ಲುವುದಿಲ್ಲ. ಅದರ ನೆಂಟರು ಬೇರೆ ಕಡೆ ಇದ್ದಾರೆ: ರಷ್ಯನ್ನಿನ ‘ಊಗಲ್’, ಲಿಥುವೇನಿಯನ್ನಿನ ‘ಆಂಗ್ಲಿಸ್’, ಎರಡೂ ಕಲ್ಲಿದ್ದಲು.

ಹಕಾರ ಹಿಡಿದು ಹುಡುಕಿದರೆ ಸಿಗುವುದು ‘ಅಂಹಸ್’. ಅಮರಕೋಶ ಅದನ್ನು ಪಾಪದ ಪರ್ಯಾಯಗಳ ಸಾಲಿನಲ್ಲಿಟ್ಟಿದೆ, ಆದರೆ ಋಗ್ವೇದದಲ್ಲಿ ಅದರ ಅರ್ಥ ಇಕ್ಕಟ್ಟು, ಕಷ್ಟ. ‘ಆ್ಯಂಗರ್’ನ ಮೂಲವಾದ, ಸ್ಕ್ಯಾಂಡಿನೇವಿಯದ ಹಳೆಯ ನಾರ್ಸ್ ಭಾಷೆಯ ‘ಅಂಗ್ರ್’ ಕೂಡ ದುಃಖವೇ, ಕೋಪವಲ್ಲ. ‘ಅಂಹಸ್’ನ ಕೊನೆಯ ಸಕಾರ ಅಲ್ಲಿ ರೇಫವಾಗಿದೆ. ಇಕ್ಕಟ್ಟಿನಿಂದ ದುಃಖಕ್ಕೆ ಅರ್ಥ ಜಾರುವುದು ನಮಗೇನೂ ಹೊಸದಲ್ಲ: ‘ಸಂಕಟ’ದ ಮೊದಲ ಅರ್ಥವೂ ಕಿರಿದಾದ ಜಾಗವೇ.

9ನೇ ಶತಮಾನದಿಂದ ಇಂಗ್ಲೆಂಡಿನ ಉತ್ತರ, ಪೂರ್ವ ಭಾಗಗಳಲ್ಲಿ ನೆಲೆಸಿದ ಸ್ಕ್ಯಾಂಡಿನೇವಿಯನ್ನರಿಂದ ಈ ಪದ ಇಂಗ್ಲಿಷಿಗೆ ದಾಟಿತು. 1200ರ ಸುಮಾರಿನ ಬರಹಗಳಲ್ಲಿ ಅದಕ್ಕಿನ್ನೂ ನೋಯಿಸು, ಕಾಡು ಎಂಬರ್ಥ. 14ನೇ ಶತಮಾನದ ಹೊತ್ತಿಗೆ ಕೋಪ ನೆಲೆಯಾಯಿತು. ಕೋಪಕ್ಕೆ ಇಂಗ್ಲಿಷಿನಲ್ಲಿ ಮೊದಲೇ ಇದ್ದ ‘ಇರ್ರೆ’ ಅಳಿದುಹೋಯಿತು, ‘ರಾತ್’ ಉಳಿಯಿತು.

ಇದೇ ಧಾತುವಿನಿಂದ ಜರ್ಮನ್ನಿನಲ್ಲಿ ‘ಎಂಗ್’ (ಇಕ್ಕಟ್ಟಾದ), ‘ಆಂಗ್ಸ್ಟ್’ (ಭಯ) ಬಂದಿವೆ. ಲ್ಯಾಟಿನ್ ದಾರಿಯಲ್ಲಿ ‘ಆ್ಯಂಗ್ವಿಶ್’, ‘ಆ್ಯಂಗ್ಸೈಟಿ’. ಉಗುರಿನ ಪಕ್ಕ ಏಳುವ ‘ಹ್ಯಾಂಗ್‌ನೇಲ್’ನ ಮೊದಲ ಭಾಗವೂ ನೋವು ಎಂಬರ್ಥದ್ದೇ. ಹಳೆಯ ರೂಪ ‘ಅಂಗ್‌ನೈಲ್’. ಅರ್ಥ ಮರೆತವರು ಅದನ್ನು ‘ಹ್ಯಾಂಗ್’ ಮಾಡಿಬಿಟ್ಟರು.

ಸ್ವೀಡಿಷ್ ಓದುವವರು ಮಾತ್ರ ಎಚ್ಚರವಾಗಿರಬೇಕು. ಅಲ್ಲಿ ‘ಓಂಗರ್’ ಎಂದರೆ ಪಶ್ಚಾತ್ತಾಪ, ಕೋಪವೆಂದು ಅನುವಾದಿಸಿದರೆ ವಾಕ್ಯವೇ ಕೆಡುತ್ತದೆ. ಸ್ವೀಡಿಷ್ ತಂತ್ರಾಂಶಗಳಲ್ಲಿ ‘ಓಂಗ್ರಾ’ ಎಂಬ ಆಯ್ಕೆ ಕಂಡರೆ ಕಂಗಾಲಾಗಬೇಡಿ: ಈಗಷ್ಟೇ ಮಾಡಿದ್ದನ್ನು ರದ್ದುಮಾಡುವ ಕಂಟ್ರೋಲ್-ಝಡ್ ಅದು.