ರಸ್ತೆ ಬಂದ್ ಆದಾಗ ಹಾಲಿನ ಘಟಕಕ್ಕೆ ಪಾಸ್

ಪ್ರಶ್ನೆ: ಮೂಡಿಗೆರೆ ಕಡೆ ಗುಡ್ಡ ಕುಸಿದು ರಸ್ತೆ ಮುಚ್ಚಿದಾಗ ನಮ್ಮ ಹಾಲು ಶೀತಲೀಕರಣ ಘಟಕದ ಸಿಬ್ಬಂದಿಯನ್ನು ಪೊಲೀಸರು ಬಿಡುವುದಿಲ್ಲ. ಏನು ಮಾಡಬೇಕು?

ಉತ್ತರ: ವಿಪತ್ತು ನಿರ್ವಹಣಾ ಕಾಯ್ದೆ, 2005ರ 34ನೇ ಸೆಕ್ಷನ್ ಪ್ರಕಾರ ಜನ, ವಾಹನ ತಡೆಯುವ ಅಧಿಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ್ದು, ಅದರ ಅಧ್ಯಕ್ಷರು ಜಿಲ್ಲಾಧಿಕಾರಿ. ಬ್ಯಾರಿಕೇಡ್ ಬಳಿಯ ಪೇದೆ ಜತೆ ವಾದಿಸಿ ಫಲವಿಲ್ಲ. ಮಳೆಗಾಲಕ್ಕೆ ಮೊದಲೇ ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗೆ ಸಂಚಾರ ಪಾಸ್‌ಗಾಗಿ ಅರ್ಜಿ ಕೊಡಿ. ಎಲ್ಲರ ಹೆಸರು ತುರುಕಬೇಡಿ; ಕಂಪ್ರೆಸರ್, ಜನರೇಟರ್ ನೋಡುವವರು, ಟ್ಯಾಂಕರ್ ಚಾಲಕರು ಸಾಕು. ಹಾಲು 4 ಡಿಗ್ರಿಯಲ್ಲಿರಬೇಕು, ಇರುವ ಡೀಸೆಲ್ ಎಷ್ಟು ಗಂಟೆ ಬರುತ್ತದೆ ಎಂದು ಬರೆದರೆ ಅರ್ಜಿಗೆ ತೂಕ ಬರುತ್ತದೆ. ಸಾಮಾನ್ಯವಾಗಿ ಕೈಕೊಡುವುದು ಬದಲಿ ಚಾಲಕನ ವಿಷಯ: ಪಾಸಿನಲ್ಲಿ ಅವನ ಹೆಸರಿಲ್ಲದಿದ್ದರೆ ಟ್ಯಾಂಕರ್ ವಾಪಸ್. ಇಬ್ಬರು ಚಾಲಕರ ಹೆಸರು, ವಾಹನ ಸಂಖ್ಯೆ, ಮಾರ್ಗ ಸೇರಿಸಿ. ಮೊಹರಿರುವ ಕಾಗದದ ಪ್ರತಿ ಜೇಬಿನಲ್ಲಿರಲಿ. ಕೊಟ್ಟಿಗೆಹಾರದ ಮಳೆಯಲ್ಲಿ ನೆಟ್‌ವರ್ಕ್ ನಂಬುವಂತಿಲ್ಲ. ಮಣ್ಣು ಇನ್ನೂ ಜಾರುತ್ತಿದ್ದರೆ ಪಾಸಿದ್ದರೂ ಬಿಡುವುದಿಲ್ಲ, ಬಿಡಲೂಬಾರದು.